ಗದ್ದೆಯ ನಾಲ್ಕೆಲೆ ಮತ್ತು ಒಂದೂವರೆ ಲಕ್ಷ ಅಕ್ಷರ

ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯಲ್ಲಿ ಕಾಲುವೆಗೆ ನೀರು ಬಿಟ್ಟು, ಗದ್ದೆ ಕೆಸರಾಗಿ, ನಾಟಿ ಮುಗಿದ ಕೆಲವೇ ವಾರಗಳಲ್ಲಿ ಭತ್ತದ ಸಾಲುಗಳ ನಡುವೆ ಒಂದು ಸಣ್ಣ ಸೊಪ್ಪು ಹರಡಿಕೊಳ್ಳುತ್ತದೆ. ಉದ್ದನೆಯ ತೆಳು ತೊಟ್ಟು, ಅದರ ತುದಿಗೆ ಬೆಣೆಯಾಕಾರದ ನಾಲ್ಕು ಎಲೆ. ಕತ್ತಲಾಗುತ್ತಿದ್ದಂತೆ ನಾಲ್ಕೂ ಮಡಚಿಕೊಳ್ಳುತ್ತವೆ. ಮೊದಲ ನೋಟಕ್ಕೆ ಪುಲ್ಲಂಪುರಚಿ ಅನ್ನಿಸಬಹುದು. ಆದರೆ ಪುಲ್ಲಂಪುರಚಿಗೆ ಮೂರೇ ಎಲೆ, ಹಳದಿ ಹೂ, ಬಾಯಿಗಿಟ್ಟರೆ ಹುಳಿ. ಇದಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ. ಇದು ಜರೀಗಿಡ. ಹೆಸರು ಮಾರ್ಸಿಲಿಯಾ, ನಮ್ಮ ಗದ್ದೆ, ಕೆರೆ, ಕಾಲುವೆ ದಂಡೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮಾರ್ಸಿಲಿಯಾ ಮಿನುಟಾ. ಸಸ್ಯಪಟ್ಟಿಗಳು ಇದನ್ನು ಕನ್ನಡದಲ್ಲಿ ನೀರು ಪುಲ್ಲಂಪುರಚಿ ಎನ್ನುತ್ತವೆ.

ಕೃಷಿ ಪುಸ್ತಕಗಳಲ್ಲಿ ಈ ಗಿಡ ಭತ್ತದ ಕಳೆಗಳ ಸಾಲಿನಲ್ಲಿದೆ. ಬಂಗಾಳದಲ್ಲಿ ಇದೇ ಸೊಪ್ಪನ್ನು ಸಂತೆಯಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ, ನಿದ್ದೆ ಬಾರದವರಿಗೆ ಬೇಯಿಸಿ ಕೊಡುತ್ತಾರೆ. ತಮಿಳುನಾಡಿನಲ್ಲಿ ಇದು ಆರೈಕ್ಕೀರೈ. ಇಂಡೋನೇಷ್ಯಾದ ಸುರಬಾಯ ನಗರದಲ್ಲಿ ಇದರ ಸೋದರ ಪ್ರಭೇದವಾದ ಮಾರ್ಸಿಲಿಯಾ ಕ್ರೆನಾಟಾದ ಎಲೆಯನ್ನು ಬೇಯಿಸಿ, ಗೆಣಸು ಶೇಂಗಾ ಅರೆದ ಗೊಜ್ಜಿನ ಜೊತೆ ತಿನ್ನುತ್ತಾರೆ. ಆ ಊರಿನ ಗುರುತೇ ಆಗಿಬಿಟ್ಟ ತಿನಿಸು ಅದು. ಚರಕಸಂಹಿತೆಯ ಶಾಕವರ್ಗದಲ್ಲಿ ಬರುವ ಸುನಿಷಣ್ಣಕವೂ ಇದೇ ಎಂದು ಬಹುಪಾಲು ವೈದ್ಯರು ಹೇಳುತ್ತಾರೆ. ಮೂಲವ್ಯಾಧಿಗೆ ಹೇಳಿದ ಒಂದು ತುಪ್ಪದ ಪಾಕದಲ್ಲಿ ಸುನಿಷಣ್ಣಕವೂ ಚಾಂಗೇರಿಯೂ, ಅಂದರೆ ನಾಲ್ಕೆಲೆಯೂ ಮೂರೆಲೆಯೂ, ಒಟ್ಟಿಗೇ ಬರುತ್ತವೆ.

ಹೀಗೆ ಅನ್ನವೂ ಔಷಧಿಯೂ ಆದ ಜರೀಗಿಡಗಳ ಕ್ಲೋರೋಪ್ಲಾಸ್ಟ್ ಜೀನೋಮನ್ನು ಓದಿ ಪ್ರಕಟಿಸುವ ಕೆಲಸ ಕಳೆದ ಹತ್ತು ಹದಿನೈದು ವರ್ಷಗಳಿಂದ ಜಗತ್ತಿನಾದ್ಯಂತ ಜೋರಾಗಿ ನಡೆದಿದೆ. ಅಂಥ ಒಂದು ಓದು ರಾಯಚೂರಿನಲ್ಲಿ, ಮಾನ್ವಿ ತಾಲ್ಲೂಕಿನ ನೀರಮಾನ್ವಿಯ ಸುತ್ತಲಿನ ಗದ್ದೆಯ ಗಿಡದ ಮೇಲೆ ನಡೆಯಬೇಕು ಎಂಬುದು ನನ್ನ ವಾದ. ಆದರೆ ಓದಿನ ಅನುಕ್ರಮ ತಪ್ಪಬಾರದು. ಗದ್ದೆ ಮೊದಲು, ಅಡುಗೆಮನೆ ಆಮೇಲೆ, ಡಿಎನ್‌ಎ ಅದರ ನಂತರ. ಈಗ ನಡೆಯುತ್ತಿರುವುದು ಬಹುಮಟ್ಟಿಗೆ ಇದರ ತಿರುವುಮುರುವು. ತಿನ್ನುವವರಿಗೆ ಅದರಿಂದ ದಕ್ಕುವುದು ತೀರ ಕಡಿಮೆ.

ಕ್ಲೋರೋಪ್ಲಾಸ್ಟ್ ಎಂದರೆ ಎಲೆಯ ಜೀವಕೋಶದೊಳಗಿನ ಹಸಿರು ಕಣ. ಬಿಸಿಲನ್ನು ಹಿಡಿದು ಸಕ್ಕರೆ ಮಾಡುವುದು ಅಲ್ಲಿಯೇ. ನೂರು ಕೋಟಿ ವರ್ಷಗಳಿಗೂ ಹಿಂದೆ ಅದೊಂದು ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು. ಬೇರೊಂದು ಜೀವಕೋಶದೊಳಗೆ ಸೇರಿ ಅಲ್ಲಿಯೇ ನೆಲೆನಿಂತಿತು, ತನ್ನ ಬಹುತೇಕ ಜೀನುಗಳನ್ನು ಕೋಶಕೇಂದ್ರಕ್ಕೆ ಬಿಟ್ಟುಕೊಟ್ಟಿತು. ಉಳಿಸಿಕೊಂಡದ್ದು ಸುಮಾರು 120 ಜೀನುಗಳನ್ನು. ಅವೆಲ್ಲ ಸಾಮಾನ್ಯವಾಗಿ ಒಂದು ಉಂಗುರದ ರೂಪದ ಡಿಎನ್‌ಎಯಲ್ಲಿ, ಒಂದೂವರೆ ಲಕ್ಷದ ಆಸುಪಾಸಿನ ಅಕ್ಷರಗಳಲ್ಲಿ ಅಡಗಿವೆ. 1986ರಲ್ಲಿ ಜಪಾನಿನ ಎರಡು ತಂಡಗಳು ಒಂದೇ ವರ್ಷ ತಂಬಾಕಿನ ಮತ್ತು ಮಾರ್ಕಾಂಶಿಯಾ ಎಂಬ ಪಾಚಿಗಿಡದಂಥ ಸಸ್ಯದ ಕ್ಲೋರೋಪ್ಲಾಸ್ಟ್ ಜೀನೋಮನ್ನು ಪೂರ್ತಿಯಾಗಿ ಓದಿ ಈ ದಾರಿ ತೆರೆದವು. ಯುನಾನಿ ವೈದ್ಯರು ಕೆಮ್ಮಿಗೆ ಕೊಡುವ ಅಡಿಯಾಂಟಮ್ ಎಂಬ ಜರೀಗಿಡದ ಓದು 2003ರಲ್ಲಿ ಬಂತು: 1,50,568 ಅಕ್ಷರ. ಸುರಬಾಯದ ತಟ್ಟೆಯಲ್ಲಿ ಕಾಣುವ ಮಾರ್ಸಿಲಿಯಾ ಕ್ರೆನಾಟಾದ್ದನ್ನು ಚೀನಾದ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಅದೂ ಒಂದೂವರೆ ಲಕ್ಷಕ್ಕೆ ತುಸು ಮೇಲೆ. ಹಳೆಯ ಜರೀವಂಶಗಳಿಂದ ಹೊಸ ವಂಶಗಳು ಕವಲೊಡೆಯುವಾಗ ಈ ಉಂಗುರದ ಕೆಲವು ತುಂಡುಗಳು ಹೇಗೆ ತಲೆಕೆಳಗಾಗಿ ಕೂತವು ಎಂಬುದನ್ನು ಆ ಪ್ರಬಂಧ ತೋರಿಸಿತು.

ಗಿಡದ ಇಡೀ ಜೀನೋಮನ್ನು ಬಿಟ್ಟು ಹಸಿರು ಕಣದ್ದನ್ನೇ ಏಕೆ ಓದುತ್ತಾರೆ? ಜರೀಗಿಡಗಳ ಕೋಶಕೇಂದ್ರದ ಜೀನೋಮ್ ಅಷ್ಟು ದೊಡ್ಡದು. ಗದ್ದೆಗಳಲ್ಲೇ ಬೆಳೆಯುವ ಸೆರಟಾಪ್ಟೆರಿಸ್ ಕುಲದ ಒಂದು ಜರೀಗಿಡದ್ದನ್ನು 2022ರಲ್ಲಿ ಓದಿದಾಗ ಅದು ಮನುಷ್ಯನ ಜೀನೋಮಿನ ಎರಡರಷ್ಟಕ್ಕೂ ಹೆಚ್ಚಿತ್ತು. ಜರೀಗಿಡಗಳ ವರ್ಣತಂತುಗಳ ಸಂಖ್ಯೆಯ ದಾಖಲೆಯೂ ದಕ್ಷಿಣ ಭಾರತದ್ದೇ. ಆಫಿಯೋಗ್ಲಾಸಮ್ ರೆಟಿಕ್ಯುಲೇಟಮ್ ಎಂಬ ಒಂದೇ ಎಲೆಯ ಪುಟ್ಟ ಗಿಡದ ಜೀವಕೋಶದಲ್ಲಿ 1260 ವರ್ಣತಂತುಗಳಿವೆ ಎಂದು 1954ರಲ್ಲಿ ಎ. ಅಬ್ರಹಾಂ ಮತ್ತು ಸಿ.ಎ. ನೈನಾನ್ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು, ನಮಗಿರುವುದು 46. ಕ್ಲೋರೋಪ್ಲಾಸ್ಟಿನ ಉಂಗುರವೋ ಚಿಕ್ಕದು, ಒಂದೊಂದು ಜೀವಕೋಶದಲ್ಲೂ ನೂರಾರು ಪ್ರತಿಗಳಲ್ಲಿರುತ್ತದೆ. ಒಂದು ಎಲೆಯ ಒಟ್ಟು ಡಿಎನ್‌ಎಯನ್ನು ಮೇಲುಮೇಲಕ್ಕೆ ಓದಿದರೂ ಈ ಉಂಗುರದ ಪಾಠ ಸಾಕಷ್ಟು ಸಲ ಸಿಕ್ಕುತ್ತದೆ. ತುಂಡುತುಂಡಾಗಿ ಸಿಕ್ಕಿದ್ದನ್ನು ಜೋಡಿಸುವ ತಂತ್ರಾಂಶಗಳು ಉಚಿತ. ಹಾಗಾಗಿ ಇವತ್ತು ಇದು ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಮಾಡಬಹುದಾದ ಕೆಲಸ.

ಇದರಿಂದ ಸಿಗುವ ಮೊದಲ ಲಾಭ ಗುರುತು. ಮಾರ್ಸಿಲಿಯಾವನ್ನು ಬರೀ ಎಲೆ ನೋಡಿ ಪ್ರಭೇದ ಹೇಳುವುದು ಕಷ್ಟ. ನೀರು ಹೆಚ್ಚಿದ್ದರೆ ಎಲೆ ಅಗಲವಾಗಿ ತೇಲುತ್ತದೆ, ನೀರು ಇಳಿದರೆ ಅದೇ ಗಿಡ ಗಿಡ್ಡವಾಗಿ, ಅಂಚು ಕಚ್ಚುಕಚ್ಚಾಗಿ ಬೇರೆಯದೇ ರೂಪ ತಾಳುತ್ತದೆ. 1962ರಲ್ಲಿ ಕೆ.ಎಂ. ಗುಪ್ತ ಅವರು ಸಿಎಸ್‌ಐಆರ್‌ಗಾಗಿ ಮಾರ್ಸಿಲಿಯಾ ಕುಲದ ಮೇಲೆಯೇ ಒಂದು ಗ್ರಂಥ ಬರೆದರು. ಬೇರೆ ಬೇರೆ ಎಂದು ಒಂದು ಕಾಲಕ್ಕೆ ಹೆಸರಿಟ್ಟ ಭಾರತದ ಪ್ರಭೇದಗಳಲ್ಲಿ ಹಲವನ್ನು ನಂತರದವರು ಒಂದೇ ಎಂದು ಸೇರಿಸಿದ್ದಾರೆ. ಖಚಿತವಾಗಿ ಹೇಳಬೇಕಾದರೆ ಬೇಕಾಗುವುದು ತೊಟ್ಟಿನ ಬುಡದಲ್ಲಿ ಹುಟ್ಟುವ ಕಪ್ಪುಕಂದು ಬಣ್ಣದ ಗಟ್ಟಿ ಕಾಯಿ. ಈ ಕಾಯಿಯೊಳಗೆ ಬೀಜಕಗಳಿರುತ್ತವೆ. ನೀರು ಹೋಗಿ ನೆಲ ಬಿರಿದರೂ ಅವು ಸಾಯುವುದಿಲ್ಲ. ಹರ್ಬೇರಿಯಮ್ಮಿನ ಹಾಳೆಯ ಮೇಲೆ ದಶಕಗಟ್ಟಲೆ ಒಣಗಿದ್ದ ಕಾಯಿಗಳೂ ಚಿಪ್ಪು ಕೆರೆದು ನೀರಲ್ಲಿ ಹಾಕಿದಾಗ ಮೊಳೆತಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿರುವ ಮಾನ್ವಿಯಂಥ ಊರಿಗೆ, ನೀರು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವ ನೆಲಕ್ಕೆ, ಇಷ್ಟು ಹೊಂದುವ ಗಿಡ ಮತ್ತೊಂದಿರಲಾರದು.

ಔಷಧಿಯ ಅಂಗಡಿಗೆ ಬಂದರೆ ಗುರುತಿನ ತೊಡಕು ಇನ್ನೂ ಹೆಚ್ಚು. ಅಲ್ಲಿ ಸಿಗುವುದು ಒಣಗಿದ ಚೂರು, ಇಲ್ಲವೇ ಪುಡಿ. ಸುನಿಷಣ್ಣಕ ಎಂದರೆ ಮಾರ್ಸಿಲಿಯಾ ಅಲ್ಲ, ಬ್ಲೆಫಾರಿಸ್ ಎಂಬ ಒಣನಾಡಿನ ಮುಳ್ಳುಗಿಡ ಎಂದು ವಾದಿಸುವ ವೈದ್ಯಪರಂಪರೆಯೂ ಇದೆ. ಇನ್ನೊಂದು ಉದಾಹರಣೆ ಮಯೂರಶಿಖಿ. ಕಲ್ಲಿನ ಸಂದಿಯಲ್ಲಿ, ಹಳೆಯ ಕೋಟೆಗೋಡೆಯಲ್ಲಿ ನವಿಲಿನ ಜುಟ್ಟಿನಂತೆ ಕೆದರಿಕೊಂಡು ಬೆಳೆಯುವ ಆಕ್ಟಿನಿಯಾಪ್ಟೆರಿಸ್ ಎಂಬ ಜರೀಗಿಡ ಅದು. ಬೇಸಿಗೆಯಲ್ಲಿ ಸುರುಟಿ ಸತ್ತಂತಿದ್ದು ಒಂದು ಮಳೆಗೆ ಬಿಚ್ಚಿಕೊಳ್ಳುತ್ತದೆ. ನೀರಮಾನ್ವಿಯ ಯಲ್ಲಮ್ಮನ ಗುಡ್ಡದಂಥ, ರಾಯಚೂರು ದೋಆಬಿನ ಉದ್ದಕ್ಕೂ ಎದ್ದು ನಿಂತ ಬಂಡೆಗುಡ್ಡಗಳು ಅದಕ್ಕೆ ಒಗ್ಗುವ ಜಾಗ. ಕೆಲವು ಕಡೆ ಮಯೂರಶಿಖಿಯ ಹೆಸರಿನಲ್ಲಿ ಕೋಳಿಜುಟ್ಟಿನ ಹೂಗಿಡವನ್ನು ಬಳಸುವುದೂ ಇದೆ. ಒಂದು ಜರೀಗಿಡ, ಒಂದು ಹೂಗಿಡ. ಪುಡಿ ಮಾಡಿದ ಮೇಲೆ ಕಣ್ಣಿಗೆ ಎರಡೂ ಒಂದೇ. ಕ್ಲೋರೋಪ್ಲಾಸ್ಟಿನ ಒಂದೆರಡು ಜೀನಿನ ತುಂಡು ಓದಿದರೂ ಪುಡಿಯಲ್ಲಿ ಏನಿದೆ ಎಂಬುದು ಗೊತ್ತಾಗುತ್ತದೆ. 2009ರಲ್ಲಿ ಸಸ್ಯಗಳ ಡಿಎನ್‌ಎ ಗುರುತಿಗೆ ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ ಎಂಬ ಎರಡು ಜೀನುಗಳನ್ನು ಜಗತ್ತಿನ ವಿಜ್ಞಾನಿಗಳ ಒಕ್ಕೂಟ ಆರಿಸಿತು. ಇವುಗಳಲ್ಲಿ ಎರಡನೆಯದು ಜರೀಗಿಡಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಏಕೆಂದರೆ ಅದರ ಆಚೀಚೆ ಇರಬೇಕಾದ ಗಡಿಗುರುತುಗಳು ಇವುಗಳ ವಂಶದಲ್ಲಿ ಕಳೆದುಹೋಗಿವೆ. ಆದ್ದರಿಂದ ಜರೀಗಿಡಗಳ ಮಟ್ಟಿಗೆ ಇಡೀ ಉಂಗುರವನ್ನೇ ಓದಿಡುವುದು ಹೆಚ್ಚು ಭದ್ರ.

ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ. ತುಂಗಭದ್ರಾ ಅಣೆಕಟ್ಟು 1950ರ ದಶಕದಲ್ಲಿ ಕಟ್ಟಿ ಮುಗಿಯುವ ತನಕ ಮಾನ್ವಿ, ಸಿಂಧನೂರು ಬಿಳಿಜೋಳ, ಹತ್ತಿ, ತೊಗರಿಯ ನಾಡು. ಕಾಲುವೆ ಬಂದ ಮೇಲೆ ಆಂಧ್ರದ ಕಡೆಯ ರೈತರು ಬಂದು ಕ್ಯಾಂಪು ಕಟ್ಟಿಕೊಂಡರು, ನೆಲ ಮಟ್ಟ ಮಾಡಿದರು, ಗದ್ದೆ ಮಾಡಿದರು. ಕ್ಯಾಂಪುಗಳ ಜೊತೆ ಭತ್ತದ ಬೀಜ ಬಂತು, ನಾಟಿಯ ರೂಢಿ ಬಂತು. ಈ ನಾಲ್ಕೆಲೆಯ ಕಾಯಿಗಳೂ ಕೆಸರಿಗಂಟಿಕೊಂಡು ಆಂಧ್ರದ ಕರಾವಳಿ ಗದ್ದೆಗಳಿಂದ ಬಂದವೇ? ಅಥವಾ ಊರ ಹಳೆಯ ಕೆರೆಯಂಗಳದಲ್ಲಿ ಮೊದಲೇ ಇದ್ದು, ಕಾಲುವೆ ನೀರು ಹರಿದ ಮೇಲೆ ಗದ್ದೆಗೆ ಇಳಿಯಿತೇ? ನೀರಮಾನ್ವಿಯ ಗದ್ದೆಯ ಗಿಡ, ಅದೇ ತಾಲ್ಲೂಕಿನ ಹಳೆಯ ಕೆರೆಯ ಗಿಡ, ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟಿದ ದೇವದುರ್ಗದ ಗಿಡ, ಗೋದಾವರಿ ಮುಖಜಭೂಮಿಯ ಗಿಡ, ಈ ನಾಲ್ಕರ ಕ್ಲೋರೋಪ್ಲಾಸ್ಟನ್ನು ಅಕ್ಕಪಕ್ಕ ಇಟ್ಟು ಓದಿದರೆ ಉತ್ತರದ ಸುಳಿವು ಸಿಗುವ ಸಾಧ್ಯತೆ ಇದೆ. ಈ ಉಂಗುರ ಹೆಚ್ಚಾಗಿ ತಾಯಿಯ ಕಡೆಯಿಂದಲೇ ಇಳಿದುಬರುತ್ತದೆ, ಬದಲಾವಣೆಯೂ ನಿಧಾನ. ವಲಸೆಯ ಜಾಡು ಹಿಡಿಯಲು ತಕ್ಕ ಸಾಧನ ಅದು. ಎಪ್ಪತ್ತು ವರ್ಷದ ನೀರಾವರಿ ಒಂದು ಬಯಲುಸೀಮೆಯ ಸಸ್ಯಲೋಕವನ್ನು ಹೇಗೆ ಬದಲಿಸಿತು ಎಂಬ ಚರಿತ್ರೆಯನ್ನು ನಾವು ಬರೆದಿಲ್ಲ. ಅಣೆಕಟ್ಟಿನ ಚರಿತ್ರೆ ಇದೆ, ಬೆಳೆಯ ಲೆಕ್ಕ ಇದೆ, ನೀರಿನ ಜಗಳದ ದಾಖಲೆಗಳಿವೆ. ಗದ್ದೆಯ ಕಸದ ಚರಿತ್ರೆ ಇಲ್ಲ. ಜೀನೋಮಿನ ಓದು ಊರಿಗೆ ಉಪಯೋಗಕ್ಕೆ ಬರುವುದು ಇಂಥ ಪ್ರಶ್ನೆಯನ್ನು ಊರೇ ಕೇಳಿದಾಗ.

ಇನ್ನು ಈ ಓದು ಏನನ್ನು ಹೇಳಲಾರದು ಎಂಬುದನ್ನು ಅಷ್ಟೇ ಸ್ಪಷ್ಟವಾಗಿ ತಿಳಿಯಬೇಕು. ‘ಔಷಧೀಯ ಸಸ್ಯದ ಜೀನೋಮ್ ಓದಲಾಗಿದೆ’ ಎಂಬ ಸುದ್ದಿ ಬಂದ ಕೂಡಲೇ ಔಷಧಿಯ ಗುಣವೇ ಸಾಬೀತಾಯಿತು ಎಂದು ಜನ ತಿಳಿಯುತ್ತಾರೆ. ಮಾರುವವರು ಹಾಗೆ ತಿಳಿಯಲೆಂದೇ ಹೇಳುತ್ತಾರೆ. ಕ್ಲೋರೋಪ್ಲಾಸ್ಟಿನ 120 ಜೀನುಗಳ ಕೆಲಸ ಮುಖ್ಯವಾಗಿ ಬಿಸಿಲಿನ ಪಾಕ ಮತ್ತು ಅದಕ್ಕೆ ಬೇಕಾದ ಸಲಕರಣೆ. ಮಾರ್ಸಿಲಿಯಾದಲ್ಲಿ ನಿದ್ದೆ ತರುವ ಗುಣವುಳ್ಳದ್ದೆಂದು 1960ರ ದಶಕದಲ್ಲಿ ಭಾರತೀಯ ರಸಾಯನಜ್ಞರು ಬೇರ್ಪಡಿಸಿ ಮಾರ್ಸಿಲಿನ್ ಎಂದು ಕರೆದ ಮೇಣದಂಥ ವಸ್ತುವನ್ನು ಮಾಡಿಸುವ ಜೀನುಗಳು ಆ ಪಟ್ಟಿಯಲ್ಲಿಲ್ಲ. ಅಂಥವನ್ನು ಹುಡುಕಬೇಕಾದುದು ಕೋಶಕೇಂದ್ರದಲ್ಲಿ. ಜರೀಗಿಡಗಳಲ್ಲಂತೂ ಕ್ಲೋರೋಪ್ಲಾಸ್ಟಿನ ಪಾಠವನ್ನೂ ಬರೆದಂತೆ ಓದುವಂತಿಲ್ಲ. ಡಿಎನ್‌ಎಯಿಂದ ನಕಲಾದ ಆರ್‌ಎನ್‌ಎಯನ್ನು ಜೀವಕೋಶ ಅಲ್ಲಲ್ಲಿ ತಿದ್ದಿಕೊಳ್ಳುತ್ತದೆ. ಅಡಿಯಾಂಟಮ್‌ನಲ್ಲಿ 2004ರ ಅಧ್ಯಯನ ಹೀಗೆ ತಿದ್ದುಪಡಿಯಾಗುವ ಜಾಗಗಳನ್ನು 350ಕ್ಕೂ ಮೇಲೆ ಎಣಿಸಿತು. ಹೂಬಿಡುವ ಗಿಡಗಳಲ್ಲಿ ಇಂಥವು ಸಾಮಾನ್ಯವಾಗಿ ಮೂವತ್ತು ನಲವತ್ತು. ಬರೀ ಡಿಎನ್‌ಎ ಓದಿ ‘ಈ ಜೀನು ಕೆಟ್ಟಿದೆ’ ಎಂದು ಬರೆದ ಎಷ್ಟೋ ಕಡೆ ಗಿಡ ಅದನ್ನು ಸರಿಮಾಡಿಕೊಂಡೇ ಬದುಕಿರುತ್ತದೆ.

ತಿನ್ನುವ ವಿಷಯಕ್ಕೆ ಬಂದರೆ ಮಾರ್ಸಿಲಿಯಾ ಕುಲಕ್ಕೇ ಒಂದು ದುರಂತದ ಚರಿತ್ರೆಯಿದೆ. 1861ರಲ್ಲಿ ಆಸ್ಟ್ರೇಲಿಯಾ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿ ಮರಳುತ್ತಿದ್ದ ಬರ್ಕ್ ಮತ್ತು ವಿಲ್ಸ್ ಕೂಪರ್ಸ್ ಕ್ರೀಕ್ ಹತ್ತಿರ ಆಹಾರವಿಲ್ಲದೆ ಸಿಕ್ಕಿಬಿದ್ದರು. ಅಲ್ಲಿಯ ಮೂಲನಿವಾಸಿಗಳಾದ ಯಾಂಡ್ರುವಾಂದ ಜನ ನಾರ್ಡೂ ಎಂಬ ಗಿಡದ ಕಾಯಿಹಿಟ್ಟು ತಿನ್ನುತ್ತಿದ್ದುದನ್ನು ಕಂಡು ತಾವೂ ಅದನ್ನೇ ಹಿಡಿದರು. ನಾರ್ಡೂ ನಮ್ಮ ಗದ್ದೆಯ ನಾಲ್ಕೆಲೆಯ ಬಂಧು, ಮಾರ್ಸಿಲಿಯಾ ಡ್ರಮಂಡಿ. ಹೊಟ್ಟೆತುಂಬ ತಿಂದರೂ ಕಾಲು ಸೋತವು, ಮೈ ಕರಗಿತು, ಇಬ್ಬರೂ ಸತ್ತರು. ಅವರ ಜೊತೆಗಿದ್ದ ಮೂರನೆಯವನಾದ ಜಾನ್ ಕಿಂಗ್ ಆ ಮೂಲನಿವಾಸಿಗಳ ಜೊತೆ ಸೇರಿಕೊಂಡು ಅವರು ಮಾಡಿಕೊಟ್ಟದ್ದನ್ನು ತಿಂದು ಬದುಕಿ ಉಳಿದ. ಆ ಗಿಡದಲ್ಲಿ ಬಿ1 ವಿಟಮಿನ್ನನ್ನು ಒಡೆದು ಹಾಕುವ ಥಯಾಮಿನೇಸ್ ಎಂಬ ಕಿಣ್ವ ಹೇರಳವಾಗಿದೆ, ಅವರನ್ನು ಕೊಂದದ್ದು ಅದು ತಂದ ಬೆರಿಬೆರಿ ಎಂದು 1994ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇಬ್ಬರು ಸಂಶೋಧಕರು ವಾದಿಸಿದರು. ಯಾಂಡ್ರುವಾಂದ ಹೆಂಗಸರು ಕಾಯಿಯನ್ನು ಹುರಿದು, ಧಾರಾಳ ನೀರು ಬಿಟ್ಟು ಅರೆದು, ತೆಳ್ಳಗೆ ಮಾಡಿ ಉಣ್ಣುತ್ತಿದ್ದರು. ಕಿಣ್ವದ ಕಾಟ ಅದರಲ್ಲಿ ಬಹುಪಾಲು ಕಳೆಯುತ್ತಿತ್ತು. ಬಂದವರು ಗಿಡವನ್ನು ತೆಗೆದುಕೊಂಡರು, ಅಡುಗೆಯನ್ನು ಬಿಟ್ಟರು.

ಮಾರ್ಸಿಲಿಯಾ ಡ್ರಮಂಡಿಯ ಕ್ಲೋರೋಪ್ಲಾಸ್ಟನ್ನು ಅಕ್ಷರ ಬಿಡದೆ ಓದಿದ್ದರೂ ಈ ಇಬ್ಬರನ್ನು ಉಳಿಸುವ ಮಾತು ಅದರಲ್ಲಿರುತ್ತಿರಲಿಲ್ಲ. ಆ ಮಾತು ಇದ್ದದ್ದು ಅರೆಯುವ ಕಲ್ಲಿನ ಮುಂದೆ ಕೂತವರ ಹತ್ತಿರ. ಜರೀಗಿಡಗಳನ್ನು ತಿನ್ನುವ ಎಲ್ಲ ಕಡೆಯೂ ಇಂಥ ಅಡುಗೆಯ ಕಟ್ಟಳೆಗಳಿರುತ್ತವೆ. ಕೊಡಗಿನಲ್ಲಿ ಮಳೆಗಾಲಕ್ಕೆ ತೆರ್ಮೆ ಸೊಪ್ಪು ತರುವವರು ಸುರುಳಿ ಬಿಚ್ಚದ ಎಳೆಯ ಕುಡಿಯನ್ನೇ ಮುರಿಯುತ್ತಾರೆ, ಬಲಿತದ್ದನ್ನು ಮುಟ್ಟುವುದಿಲ್ಲ. ಎಷ್ಟು ಎಳೆಯದು, ಎಷ್ಟು ಬೇಯಬೇಕು, ಯಾವ ನೀರು ಬಸಿದು ಚೆಲ್ಲಬೇಕು, ಯಾರು ತಿನ್ನಬಾರದು, ಇವೆಲ್ಲ ತಲೆಮಾರುಗಳು ಕೂಡಿಸಿದ ತಿಳಿವಳಿಕೆ. ಪ್ರಯೋಗಾಲಯ ಅದನ್ನು ಪರೀಕ್ಷಿಸಬಹುದು, ಪರೀಕ್ಷಿಸಲೂ ಬೇಕು. ಆದರೆ ಪರೀಕ್ಷಿಸುವುದಕ್ಕೆ ಮೊದಲು ಕೇಳಿ ಬರೆದುಕೊಂಡಿರಬೇಕಲ್ಲ. ರಾಯಚೂರು ಜಿಲ್ಲೆಯಲ್ಲಿ ಹೊಲದ ಕಸದೊಳಗಿಂದ ಪಲ್ಯ ಆರಿಸುವ ಕಣ್ಣು ಹೆಣ್ಣುಮಕ್ಕಳಿಗೆ ಇವತ್ತಿಗೂ ಇದೆ. ಹಕ್ಕರಿಕೆ, ಕಿರಕಸಾಲಿ, ಬಿತ್ತದೆ ಬಂದ ರಾಜಗಿರಿ, ರೊಟ್ಟಿಯ ಜೊತೆ ಏನೆಲ್ಲ ಆಗುತ್ತದೆ ಎಂಬುದನ್ನು ಅವರು ಕಳೆ ಕೀಳುತ್ತ ಕೀಳುತ್ತಲೇ ಹೇಳಬಲ್ಲರು. ಗದ್ದೆಗೆ ನೀರು ಬಂದ ಮೇಲೆ ಹೊಸದಾಗಿ ಸಿಕ್ಕ ಸೊಪ್ಪುಗಳಲ್ಲಿ ಯಾವುದನ್ನು ಒಲೆಗೆ ಏರಿಸಿದರು, ಯಾವುದನ್ನು ಎಮ್ಮೆಗೆ ಹಾಕಿದರು, ಯಾವುದನ್ನು ಬದುವಿಗೆ ಎಸೆದರು ಎಂಬ ಪ್ರಶ್ನೆಯನ್ನು ಕ್ಯಾಂಪಿನ ತೆಲುಗು ಮನೆಗಳಲ್ಲೂ ಊರಿನ ಕನ್ನಡ ಮನೆಗಳಲ್ಲೂ ಬೇರೆಬೇರೆಯಾಗಿ ಕೇಳಬೇಕು. ಉತ್ತರಗಳು ಒಂದೇ ಆಗಿರಲಾರವು.

ಆ ಕೇಳ್ಮೆಗೆ ಕಾಲ ಮೀರುತ್ತಿದೆ. ನಾಟಿಯ ಕೂಲಿ ದುಬಾರಿಯಾಗಿ, ಕಾಲುವೆ ನೀರು ತಡವಾಗಿ, ಮಾನ್ವಿ ಸಿಂಧನೂರು ಕಡೆ ಕೂರಿಗೆ ಭತ್ತ ಹಬ್ಬಿದೆ. ನೀರು ಉಳಿಯುತ್ತದೆ, ಖರ್ಚು ತಗ್ಗುತ್ತದೆ, ಒಳ್ಳೆಯದೇ. ಆದರೆ ನಿಂತ ನೀರಿಲ್ಲದ ಗದ್ದೆಯಲ್ಲಿ ಕಳೆ ಹೆಚ್ಚು, ಕಳೆನಾಶಕವೂ ಹೆಚ್ಚು. ಕೈಯಿಂದ ಕಳೆ ಕೀಳುವುದು ನಿಂತರೆ ಕಸದೊಳಗಿನ ಪಲ್ಯ ಆರಿಸುವ ಕಣ್ಣಿಗೂ ಕೆಲಸ ಇಲ್ಲವಾಗುತ್ತದೆ. ಸಿಂಪಡಣೆಯಾದ ಗದ್ದೆಯ ಸೊಪ್ಪನ್ನು ತಿನ್ನುವುದು ಅಪಾಯ ಎಂಬುದು ಬೇರೆ ಮಾತು. ನೀರಿನಲ್ಲಿ ಬೆಳೆಯುವ ಜರೀಗಿಡ ನೀರಿನಲ್ಲಿದ್ದುದನ್ನು ಹೀರುತ್ತದೆ. ಟೆರಿಸ್ ವಿಟ್ಟಾಟಾ ಎಂಬ ಜರೀಗಿಡ ಮಣ್ಣಿನಿಂದ ಆರ್ಸೆನಿಕ್ಕನ್ನು ವಿಪರೀತ ಪ್ರಮಾಣದಲ್ಲಿ ಎಳೆದುಕೊಂಡು ಎಲೆಯಲ್ಲಿ ಇಟ್ಟುಕೊಳ್ಳುತ್ತದೆ ಎಂದು 2001ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪತ್ತೆಯಾಯಿತು. ನಮ್ಮದೇ ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು ದಾಖಲಾಗಿದೆ. ಎಲ್ಲ ಜರೀಗಿಡವೂ ಹಾಗಲ್ಲ, ಎಲ್ಲ ಊರ ನೀರೂ ಹಾಗಲ್ಲ. ಆದರೂ ಒಂದು ಸೊಪ್ಪು ತಿನ್ನಲು ಯೋಗ್ಯವೇ ಎಂಬುದಕ್ಕೆ ಉತ್ತರ ಅದರ ವಂಶದಲ್ಲಿ ಮಾತ್ರ ಇಲ್ಲ. ಅದು ಬೆಳೆದ ನೀರಿನಲ್ಲಿದೆ.

ಕಳೆನಾಶಕದ ಮಾತು ಬಂದದ್ದರಿಂದ ಒಂದನ್ನು ಹೇಳಬೇಕು, ಏಕೆಂದರೆ ಇಲ್ಲಿ ಕ್ಲೋರೋಪ್ಲಾಸ್ಟ್ ಜೀನೋಮ್ ನೇರವಾಗಿ ರೈತನ ಬದುಕಿಗೆ ತಾಗುತ್ತದೆ. ಮೆಕ್ಕೆಜೋಳಕ್ಕೆ ಸಿಂಪಡಿಸುವ ಅಟ್ರಾಜಿನ್‌ನಂಥ ವಿಷಗಳು ಕಳೆಯನ್ನು ಕೊಲ್ಲುವುದು ಕ್ಲೋರೋಪ್ಲಾಸ್ಟಿನ ಡಿ1 ಎಂಬ ಪ್ರೋಟೀನಿಗೆ ಅಂಟಿಕೊಂಡು. ಆ ಪ್ರೋಟೀನಿನ ಜೀನು ಇದೇ ಉಂಗುರದಲ್ಲಿದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ವಿಷ ಅಂಟುವುದಿಲ್ಲ, ಕಳೆ ಬದುಕುತ್ತದೆ. ರಾಜಗಿರಿಯ ಜಾತಿಯ ಕಳೆಯೊಂದರಲ್ಲಿ ಇದನ್ನು 1983ರಲ್ಲೇ ತೋರಿಸಿದರು. ಭತ್ತಕ್ಕೆ ಹೆಚ್ಚು ಬಳಸುವ ಬಿಸ್ಪೈರಿಬ್ಯಾಕ್ ಸೋಡಿಯಂ ಹಾಗಲ್ಲ. ಅದರ ಗುರಿಯ ಜೀನು ಕೋಶಕೇಂದ್ರದಲ್ಲಿದೆ. ಹಾಗಾಗಿ ಹೊಲದಲ್ಲಿ ಯಾವ ಔಷಧಿ ಬಿದ್ದಿದೆ ಎಂಬುದು ಗೊತ್ತಿಲ್ಲದೆ ಪ್ರಯೋಗಾಲಯದಲ್ಲಿ ಯಾವ ಜೀನು ನೋಡಬೇಕು ಎಂಬುದೂ ಗೊತ್ತಾಗುವುದಿಲ್ಲ.

ಒಂದು ಜರೀಗಿಡದ ಜೀನಿಗೆ ಎಷ್ಟು ಬೆಲೆ ಬರಬಹುದು ಎಂಬುದನ್ನು ಹತ್ತಿ ಬೆಳೆಯುವ ರಾಯಚೂರಿನವರು ತಿಳಿದಿರಬೇಕು. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಟೆಕ್ಟೇರಿಯಾ ಮ್ಯಾಕ್ರೊಡೊಂಟಾ ಎಂಬ, ಜನ ತಿನ್ನುವ ಜರೀಗಿಡದಲ್ಲಿ ಬಿಳಿನೊಣವನ್ನು ಕೊಲ್ಲುವ ಪ್ರೋಟೀನನ್ನು ಕಂಡುಹಿಡಿದರು. ಅದರ ಜೀನನ್ನು ಹತ್ತಿಗೆ ಸೇರಿಸಿದಾಗ ಗಿಡ ಬಿಳಿನೊಣವನ್ನೂ ಅದು ಹರಡುವ ಎಲೆಮುರುಟು ರೋಗವನ್ನೂ ತಡೆಯಿತು ಎಂದು 2016ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ಯಲ್ಲಿ ವರದಿಯಾಯಿತು. ಆ ಹಿಂದಿನ ವರ್ಷವೇ ಪಂಜಾಬಿನ ಹತ್ತಿಯನ್ನು ಬಿಳಿನೊಣ ನಾಶಮಾಡಿತ್ತು. 2018ರಲ್ಲಿ ಸಾಲ್ವೀನಿಯಾ, ಅಜೋಲಾ ಎಂಬ ಎರಡು ನೀರಿನ ಜರೀಗಿಡಗಳ ಪೂರ್ಣ ಜೀನೋಮ್ ಬಂದಾಗ, ಈ ಜೀನು ಜರೀಗಿಡಗಳಿಗೆ ಹಿಂದೆಂದೋ ಬ್ಯಾಕ್ಟೀರಿಯಾದಿಂದ ದಾಟಿ ಬಂದಿರಬೇಕು ಎಂಬ ಸೂಚನೆಯೂ ಸಿಕ್ಕಿತು. ಅಜೋಲಾದ ಆ ಓದಿಗೆ ಮೊದಲ ಹಣ ಬಂದದ್ದು ಸಾರ್ವಜನಿಕರ ಸಣ್ಣ ಸಣ್ಣ ದೇಣಿಗೆಯಿಂದ ಎಂಬುದನ್ನು ಇಲ್ಲಿ ನೆನೆಯುವುದು ಸಲ್ಲುತ್ತದೆ. ಮುಖ್ಯ ಮಾತೇನೆಂದರೆ, ಬಿಳಿನೊಣವನ್ನು ಕೊಲ್ಲುವ ಆ ಪ್ರೋಟೀನಿನ ಜೀನೂ ಕ್ಲೋರೋಪ್ಲಾಸ್ಟಿನದಲ್ಲ. ಉಂಗುರ ಓದಿ ಕೈತೊಳೆದುಕೊಂಡವರಿಗೆ ಅದು ಎಂದೂ ಸಿಗುತ್ತಿರಲಿಲ್ಲ. ಈ ಗಿಡವನ್ನು ಯಾರು ತಿನ್ನುತ್ತಾರೆ, ಯಾವ ಹುಳ ಇದನ್ನು ಮುಟ್ಟುವುದಿಲ್ಲ ಎಂಬ ಪ್ರಶ್ನೆಯಿಂದ ಹೊರಟರೆ ಅಂಥ ಜೀನಿನ ಬಾಗಿಲಿಗೆ ಹೋಗಬಹುದು.

ಹಾಗೆ ಸಿಕ್ಕರೆ ಲಾಭ ಯಾರದು? 2002ರ ಜೈವಿಕ ವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆದಿಡಬೇಕು ಎನ್ನುತ್ತದೆ. ಈ ದಾಖಲಾತಿಯ ಕಲ್ಪನೆ ಗಟ್ಟಿಯಾದದ್ದು ಬೆಂಗಳೂರಿನಲ್ಲಿ, 1990ರ ದಶಕದಲ್ಲಿ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ. ಊರಿನವರೇ ಊರಿನ ಗಿಡಮರದ ಬಗ್ಗೆ ತಿಳಿದದ್ದನ್ನು ಹೇಳಿ ಬರೆಸಬೇಕು ಎಂಬುದು ಅದರ ಜೀವಾಳ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಕೊಟ್ಟು, ತಪ್ಪಿದರೆ ದಂಡ ಎಂದ ಮೇಲೆ ದೇಶದ ಉದ್ದಗಲಕ್ಕೂ ದಾಖಲಾತಿಗಳು ಅವಸರದಲ್ಲಿ ತುಂಬಿದವು. ಅವಸರಕ್ಕೆ ಹೊಂದುವ ಕೆಲಸ ಅದಲ್ಲ. ಇದರ ಮೇಲೆ 2023ರ ತಿದ್ದುಪಡಿ ಬಂದು, ಗ್ರಂಥಗಳಲ್ಲಿ ದಾಖಲಾದ ಸಾಂಪ್ರದಾಯಿಕ ಜ್ಞಾನವನ್ನು ಬಳಸುವವರಿಗೆ ಲಾಭ ಹಂಚಿಕೆಯಿಂದ ವಿನಾಯಿತಿ ಕೊಟ್ಟಿತು. ಚರಕನ ಪಟ್ಟಿಯಲ್ಲಿರುವ ಸುನಿಷಣ್ಣಕದ ಜ್ಞಾನ ಹೀಗೆ ವಿನಾಯಿತಿಯ ಒಳಗೆ ಬರುತ್ತದೆ. ಅದೇ ಸೊಪ್ಪನ್ನು ಯಾವ ಗದ್ದೆಯಿಂದ, ಯಾವ ತಿಂಗಳಲ್ಲಿ, ಹೇಗೆ ಬೇಯಿಸಿ ಉಣ್ಣಬೇಕೆಂದು ಬಲ್ಲ ಹೆಣ್ಣುಮಗಳ ಜ್ಞಾನಕ್ಕೆ ರಕ್ಷಣೆ ಸಿಗಬೇಕಾದರೆ ಆ ಜ್ಞಾನ ಅವಳ ಪಂಚಾಯಿತಿಯ ದಾಖಲಾತಿಯಲ್ಲಿ ಇರಬೇಕು. ಇಲ್ಲದಿದ್ದರೆ ಕಾನೂನಿನ ಕಣ್ಣಿಗೆ ಅದು ಇಲ್ಲವೇ ಇಲ್ಲ.

ಜೀನೋಮಿನ ಅಕ್ಷರಗಳ ಕಥೆ ಇನ್ನೂ ಜಾರುವಂಥದ್ದು. ಗಿಡ ಹೊರದೇಶಕ್ಕೆ ಹೋಗಲು ಅನುಮತಿ ಬೇಕು. ಅಕ್ಷರಗಳು ಮಾತ್ರ ಜಾಗತಿಕ ದತ್ತಸಂಚಯಕ್ಕೆ ಏರಿದ ಕ್ಷಣ ಎಲ್ಲರ ಕೈಗೂ ಸಿಗುತ್ತವೆ. ಆ ಸಂಚಯಗಳು ಈಚೆಗೆ ಮಾದರಿ ಸಂಗ್ರಹಿಸಿದ ದೇಶ ಮತ್ತು ದಿನಾಂಕವನ್ನು ಕಡ್ಡಾಯ ಮಾಡಿವೆ. ದೇಶದ ಹೆಸರು ಸಾಕು. ತಾಲ್ಲೂಕು, ಊರು ಹೇಳಬೇಕಾಗಿಲ್ಲ. ಹಾಗಾಗಿ ನೀರಮಾನ್ವಿಯ ಗಿಡ ಅಲ್ಲಿ ಬರೀ ‘ಭಾರತ’ ಆಗಿಬಿಡಬಹುದು. 2022ರಲ್ಲಿ ಮಾಂಟ್ರಿಯಲ್‌ನಲ್ಲಿ ಜಗತ್ತಿನ ರಾಷ್ಟ್ರಗಳು ಇಂಥ ಅಕ್ಷರಗಳಿಂದ ಬಂದ ಲಾಭವನ್ನೂ ಹಂಚಬೇಕೆಂದು ಒಪ್ಪಿದವು. 2024ರಲ್ಲಿ ಕೊಲಂಬಿಯಾದ ಕಾಲಿಯಲ್ಲಿ ಅದಕ್ಕೊಂದು ನಿಧಿಯ ರೂಪ ಕೊಟ್ಟರು. ಕಂಪನಿಗಳು ಅದಕ್ಕೆ ಹಣ ಕೊಡುವುದು ಐಚ್ಛಿಕ. ಕೊಟ್ಟರೂ ಆ ಹಣ ಊರು ಹುಡುಕಿಕೊಂಡು ಬರಬೇಕಾದರೆ ಊರಿನ ಹೆಸರು ಅಕ್ಷರಗಳ ಜೊತೆಯಲ್ಲೇ ಬರೆದಿರಬೇಕು.

ರಾಯಚೂರಿಗೆ ಕುಡಿಯುವ ನೀರು ಬೇಕು, ಏಮ್ಸ್ ಬೇಕು, ಗುಳೆ ನಿಲ್ಲಬೇಕು; ಗದ್ದೆಯ ಕಸದ ಜೀನೋಮ್ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಆ ಬೇಡಿಕೆಗಳೆಲ್ಲ ನ್ಯಾಯವಾದವು, ಏಮ್ಸಿಗಾಗಿ ವರ್ಷಗಟ್ಟಲೆ ಧರಣಿ ಕೂತವರ ಬಗ್ಗೆ ನನಗೆ ಗೌರವವಿದೆ. ಆದರೆ ಹಿಂದುಳಿದ ಸೀಮೆಗೆ ವಿಜ್ಞಾನ ಆಮೇಲೆ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಈ ಮಾತನ್ನು ನಮ್ಮ ಪರವಾಗಿ ಬೇರೆಯವರು ಬಹಳ ಕಾಲದಿಂದ ಆಡಿದ್ದಾರೆ, ನಾವೂ ಆಡಲು ಕಲಿತಿದ್ದೇವೆ. ಕರ್ನಾಟಕದ ಜರೀಗಿಡ ಎಂದರೆ ಪಶ್ಚಿಮಘಟ್ಟ ಎಂಬ ಎಣಿಕೆ ಸಸ್ಯವಿಜ್ಞಾನಿ ಬೆಡ್ಡೋಮ್ 1860ರ ದಶಕದಲ್ಲಿ ದಕ್ಷಿಣ ಭಾರತದ ಜರೀಗಿಡಗಳ ಚಿತ್ರಗ್ರಂಥ ತಂದಾಗಿನಿಂದ ಇದೆ, ಅದಕ್ಕೆ ಕಾರಣವೂ ಇದೆ. ಮಳೆ ಇರುವಲ್ಲಿ ಜಾತಿ ಹೆಚ್ಚು. ಆದರೆ ಬರಗಾಲ ತಡೆದು ಬದುಕುವ ಜರೀಗಿಡಗಳನ್ನು ಅರಿಯಬೇಕಾದವರು ಆಗುಂಬೆಗೆ ಹೋಗಿ ಪ್ರಯೋಜನವಿಲ್ಲ. ಸತ್ತಂತಿದ್ದು ಚಿಗುರುವ ಮಯೂರಶಿಖಿಯೂ ಒಣ ಕೆಸರಿನಲ್ಲಿ ವರ್ಷಗಟ್ಟಲೆ ಕಾಯುವ ನಾಲ್ಕೆಲೆಯ ಕಾಯಿಯೂ ನಮ್ಮ ಕಡೆಯವು. ಮಳೆ ತಪ್ಪುವ ಕಾಲದಲ್ಲಿ ಬೆಳೆ ಬೆಳೆಯಬೇಕಾದ ನಾಡಿಗೆ ಇವುಗಳಿಂದ ಕಲಿಯುವುದು ಬಹಳ ಇದೆ.

ಕೆಲಸಕ್ಕೆ ಬೇಕಾದ ಜಾಗವೂ ಹತ್ತಿರದಲ್ಲೇ ಇದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಶೇಷ ಮತ್ತು ಆಹಾರ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯವಿದೆ. ಮಾನ್ವಿಯಿಂದ ಸೊಪ್ಪು ಹರಿದ ದಿನವೇ ಅಲ್ಲಿಗೆ ತಲುಪಿಸಬಹುದು. ಮಾದರಿ ಸಂಗ್ರಹಿಸಲು ತಕ್ಕ ಕಾಲ ಮುಂಗಾರು ಬೆಳೆ ಕೊಯ್ಲಿಗೆ ಬಂದು ಗದ್ದೆಯ ನೀರು ಇಳಿಯುವ ಹೊತ್ತು, ಏಕೆಂದರೆ ಕಾಯಿ ಕಟ್ಟುವುದು ಆಗಲೇ. ಒಂದು ಗದ್ದೆಯಿಂದ ಒಂದೇ ಗಿಡದ ನಾಲ್ಕು ಭಾಗ ಮಾಡಬೇಕು. ಬೇರು ಎಲೆ ಕಾಯಿ ಸಮೇತ ಒಣಗಿಸಿದ ಹಾಳೆ ಹರ್ಬೇರಿಯಮ್ಮಿಗೆ. ಸಿಲಿಕಾ ಜೆಲ್ಲಿನಲ್ಲಿ ಒಣಗಿಸಿದ ಎಳೆಯ ಎಲೆ ಡಿಎನ್‌ಎಗೆ. ಹಸಿ ಸೊಪ್ಪು ವಿಷದ ಶೇಷಕ್ಕೂ ಆರ್ಸೆನಿಕ್ಕಿಗೂ. ಉಳಿದದ್ದನ್ನು ತಿನ್ನಬಲ್ಲವರ ಕೈಯಲ್ಲೇ ಅವರ ರೀತಿಯಲ್ಲೇ ಬೇಯಿಸಿ, ಬೇಯುವ ಮೊದಲೂ ಬೆಂದ ಮೇಲೂ ಥಯಾಮಿನೇಸ್ ಎಷ್ಟಿದೆ ಎಂದು ಅಳೆಯಬೇಕು. ಹೇಳಿಕೊಟ್ಟವರ ಮಾತನ್ನು ಅವರು ಆಡಿದಂತೆಯೇ ಬರೆದು, ಅವರಿಗೆ ಓದಿ ಹೇಳಿ, ಒಪ್ಪಿದರೆ ಮಾತ್ರ ಪಂಚಾಯಿತಿಯ ದಾಖಲಾತಿಗೆ ಸೇರಿಸಬೇಕು. ಇಷ್ಟಾದ ಮೇಲೆ ಒಂದೂವರೆ ಲಕ್ಷ ಅಕ್ಷರಗಳನ್ನು ಜಗತ್ತಿನ ಸಂಚಯಕ್ಕೆ ಏರಿಸುವಾಗ ದೇಶದ ಮುಂದೆ ರಾಜ್ಯ, ಜಿಲ್ಲೆ, ತಾಲ್ಲೂಕು, ಊರು ತುಂಬಬೇಕು, ದಾಖಲಾತಿಯ ಪುಟಸಂಖ್ಯೆಯನ್ನೂ ಬರೆಯಬೇಕು. ಪ್ರಬಂಧ ಇಂಗ್ಲಿಷಿನಲ್ಲಿ ಅಚ್ಚಾಗಲಿ. ಅದರ ಕನ್ನಡ ವರದಿ ಒಂದು ನೀರಮಾನ್ವಿಯ ಪಂಚಾಯಿತಿಗೆ, ಒಂದು ಅಲ್ಲಿಯ ಪ್ರೌಢಶಾಲೆಗೆ, ಕ್ಯಾಂಪುಗಳಿಗಾಗಿ ತೆಲುಗಿನಲ್ಲೊಂದು, ಅಚ್ಚಾದ ವಾರವೇ ತಲುಪಬೇಕು. ವರದಿಯ ಮೊದಲ ಪುಟದಲ್ಲಿ ಇರಬೇಕಾದದ್ದು ಈ ಸೊಪ್ಪನ್ನು ಯಾವ ಗದ್ದೆಯಿಂದ ತರಬಹುದು, ಯಾವುದರಿಂದ ತರಬಾರದು, ಎಷ್ಟು ಹೊತ್ತು ಬೇಯಿಸಬೇಕು ಎಂಬ ವಿವರ.